ಲೆಕ್ಕಕ್ಕೆ ಬಾರದ ಮುಂಗಡ

ಲಂಡನ್ ಆಂಬುಲೆನ್ಸ್ ಸೇವೆಯ ಗಣಕ ವ್ಯವಸ್ಥೆ 1992ರ ನವೆಂಬರ್ 4ರ ನಸುಕಿನಲ್ಲಿ ಮೊದಲು ನಿಧಾನವಾಯಿತು, ಸ್ವಲ್ಪ ಹೊತ್ತಿನಲ್ಲೇ ಸ್ತಬ್ಧವಾಯಿತು. ಬದಲಿ ಯಂತ್ರವೂ ಕೈಕೊಟ್ಟಿತು. ಸಿಬ್ಬಂದಿ ಕಾಗದ, ಪೆನ್ನಿಗೆ ಮರಳಬೇಕಾಯಿತು. ವಿಚಾರಣೆಯಲ್ಲಿ ಬಯಲಾದ ಕಾರಣ ಕ್ಷುಲ್ಲಕವಾದುದು. ಮೂರು ವಾರಗಳ ಹಿಂದೆ ಪ್ರೋಗ್ರಾಮರ್ ಒಬ್ಬರು ಬಿಟ್ಟುಹೋಗಿದ್ದ ನಿರ್ದೇಶನಗಳ ತುಣುಕೊಂದು, ವಾಹನ ಕಳುಹಿಸಿದಾಗಲೆಲ್ಲ ಸರ್ವರ್‌ನ ಮೆಮೊರಿಯಲ್ಲಿ ಅಲ್ಪ ಜಾಗ ಪಡೆಯುತ್ತಿತ್ತು, ಹಿಂದಿರುಗಿಸುತ್ತಿರಲಿಲ್ಲ.

ಸರ್ಕಾರಿ ಲೆಕ್ಕಪತ್ರ ಬಲ್ಲವರಿಗೆ ಇದು ಅಪರಿಚಿತವಲ್ಲ. ಸಾದಿಲ್ವಾರು ವೆಚ್ಚಕ್ಕೆಂದು ಮುಂಗಡ ಸೆಳೆದು, ವಿವರವಾದ ಲೆಕ್ಕವನ್ನಾಗಲಿ ಉಳಿಕೆಯನ್ನಾಗಲಿ ಸಲ್ಲಿಸದ ಅಧಿಕಾರಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕಳ್ಳರಲ್ಲ, ಮರೆಗುಳಿಗಳು.

ವ್ಯವಹಾರ ಜಗತ್ತಿಗೆಂದೇ 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಯದು ಆಯವ್ಯಯದ ಶಿಸ್ತು: ಯಾವ ಬಾಬಿಗೆ ಎಷ್ಟು ಜಾಗವೆಂದು ಮೊದಲೇ ಘೋಷಿಸಬೇಕು. 500 ನೌಕರರಿಗೆ ಕೋಷ್ಟಕ ಕಾದಿರಿಸಿದ್ದರೆ 501ನೆಯವನಿಗೆ ಸ್ಥಳವಿಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ 'ಸಿ' ಭಾಷೆಯಲ್ಲಾದರೋ, ಬೇಕಾದಾಗ ಬೇಕಾದಷ್ಟು ಮೆಮೊರಿಯನ್ನು ಕೇಳಿ ಪಡೆಯಬಹುದು; ಮರಳಿಸುವ ಹೊಣೆ ಪಡೆದವನದೇ. ಮರಳಿಸದಿದ್ದರೆ ಸೋರಿಕೆ. ಮರಳಿಸಿದ ಮೇಲೂ ಹಳೆಯ ವಿಳಾಸಕ್ಕೇ ಬರೆಯುತ್ತಿದ್ದರೆ ಇನ್ನೂ ಕೇಡು: ಅಷ್ಟರಲ್ಲಿ ಆ ಜಾಗ ಬೇರೊಬ್ಬ ಗ್ರಾಹಕನ ಪಾಲಾಗಿ, ಒಬ್ಬನ ಮೊತ್ತ ಇನ್ನೊಬ್ಬನ ಲೆಕ್ಕದಲ್ಲಿ ಸೇರಿಕೊಳ್ಳಬಹುದು. ಯಂತ್ರ ನಿಂತರೆ ಎಲ್ಲರಿಗೂ ತಿಳಿಯುತ್ತದೆ. ತಪ್ಪು ಅಂಕಿ ಸದ್ದು ಮಾಡುವುದಿಲ್ಲ.

1995ರಲ್ಲಿ ಬಂದ ಜಾವಾ, ಬಳಕೆ ಮುಗಿದ ಮೆಮೊರಿಯನ್ನು ತಾನೇ ಗುಡಿಸಿ ತೆಗೆಯುತ್ತದೆ. ಆದರೆ ಯಾವುದಾದರೊಂದು ಪಟ್ಟಿಯಲ್ಲಿ ಉಲ್ಲೇಖ ಉಳಿದಿರುವ ತನಕ ಅದರ ಕಣ್ಣಿಗೆ ಅದು ಕಸವಲ್ಲ. ಪಟ್ಟಿಗೆ ಸೇರಿಸುವವರಿದ್ದು ಅಳಿಸುವವರಿಲ್ಲದಿದ್ದರೆ ಹಳೆಯ ಸೋರಿಕೆಯೇ ಹೊಸ ವೇಷದಲ್ಲಿ ಮುಂದುವರಿಯುತ್ತದೆ.

ಪರೀಕ್ಷೆಯ ದಿನ ಈ ದೋಷ ಕಾಣಿಸದು. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ವೇತನದ ತಂತ್ರಾಂಶವನ್ನು ಅಂಗೀಕರಿಸುವ ಸಮಿತಿಯಲ್ಲಿ ನಾನೂ ಇದ್ದೆ. ಪರದೆಗಳನ್ನೂ ವರದಿಗಳನ್ನೂ ಒಂದು ಮಧ್ಯಾಹ್ನ ನೋಡಿ ಸಹಿ ಹಾಕಿದೆವು. ಒಂದು ತಿಂಗಳು ನಿಲ್ಲಿಸದೆ ಓಡಿಸಿ, ಮೆಮೊರಿಯ ಬಳಕೆ ದಿನೇ ದಿನೇ ಏರುತ್ತಿದೆಯೇ ಎಂದು ಪರಿಶೀಲಿಸುವ ಷರತ್ತು ಟೆಂಡರಿನಲ್ಲಿರಲಿಲ್ಲ; ನಮಗೆ ಹೊಳೆಯಲೂ ಇಲ್ಲ. ಕೆಲವೇ ವಾರಗಳಲ್ಲಿ ಯಂತ್ರ ತೆವಳತೊಡಗಿತು. ದುರಸ್ತಿಗೆ ಬಂದ ಯುವಕ ಅದನ್ನು ಆರಿಸಿ ಮತ್ತೆ ಹೊತ್ತಿಸಿದ, ಸರಿಹೋಯಿತು. ಮರುಚಾಲನೆಯೆಂದರೆ ಬಾಕಿ ಮುಂಗಡಗಳನ್ನೆಲ್ಲ ಒಮ್ಮೆಗೇ ಮನ್ನಾ ಮಾಡಿದಂತೆ. ಬಾಕಿದಾರ ಮರುದಿನದಿಂದಲೇ ಮತ್ತೆ ಕೈಚಾಚುತ್ತಾನೆ. ಪ್ರತಿ ಸೋಮವಾರ ಬೆಳಿಗ್ಗೆ ಹೀಗೆಯೇ ಮಾಡಬೇಕೆಂದು ಅವನು ಸರ್ವರ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ ಹೋದ. ನಾನು ನಿವೃತ್ತನಾದ ದಿನವೂ ಅದು ಅಲ್ಲಿಯೇ ಇತ್ತು.