ಆಮರ್ಸ್‌ಫೋರ್ಟ್‌ನ ಹುಲ್ಲುಗಾವಲಿನಿಂದ ಆಫ್ರಿಕಾದ ಪಕ್ಷಿಧಾಮಕ್ಕೆ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಳೆದ ವರ್ಷ ಕನ್ನಡ ತರಗತಿಯಲ್ಲಿ ಈ ಗಾದೆಯನ್ನು ವಿವರಿಸಿ, ‘ನಾನು ನೋಡಬೇಕೆಂದಿರುವ ಸ್ಥಳ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ಹೆಚ್ಚಿನವರು ಪ್ಯಾರಿಸ್, ಹಂಪಿ, ಅಜ್ಜಿಯ ಊರು ಎಂದು ಬರೆದಿದ್ದರು. ಒಬ್ಬ ವಿದ್ಯಾರ್ಥಿನಿ ಮಾತ್ರ ‘ಸೆನೆಗಲ್ ದೇಶದ ಜೂಜ್ ಪಕ್ಷಿಧಾಮ’ ಎಂದು ಬರೆದು ತಂದಳು. ಅದನ್ನು ಓದಿದ ಅವಳ ತಂದೆ, “ಇದೇನು ಮಗಳೇ, ಜೂಜಾಡುವ ಜಾಗವೇ?” ಎಂದು ಮನೆಯಲ್ಲಿ ನಕ್ಕರಂತೆ!

“ಅಲ್ಲ ಮಿಸ್, ನಮ್ಮ ಮನೆಯ ಹತ್ತಿರ ಬರುವ ಹಕ್ಕಿ ಅಲ್ಲಿಗೆ ಹೋಗುತ್ತದೆ” ಎಂದಳು ಅವಳು. ಅವಳ ಮಾತು ನಿಜವಾಗಿತ್ತು. ಅದರ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಜೂಜ್ ಎಲ್ಲಿದೆ?

ಆಫ್ರಿಕಾ ಖಂಡದ ಪಶ್ಚಿಮ ತುದಿಯಲ್ಲಿ ಸೆನೆಗಲ್ ದೇಶವಿದೆ. ಅದರ ಉತ್ತರ ಗಡಿಯಲ್ಲಿ ಸೆನೆಗಲ್ ನದಿ ಹರಿಯುತ್ತದೆ. ನದಿಯ ಆಚೆ ಮಾರಿಟೇನಿಯಾ ದೇಶ, ಅದರಾಚೆ ಸಹಾರಾ ಮರುಭೂಮಿ. ಈ ನದಿ ಸಮುದ್ರ ಸೇರುವ ಮುಖಜಭೂಮಿಯಲ್ಲಿ, ಸೇಂಟ್ ಲೂಯಿ ಎಂಬ ಹಳೆಯ ಪಟ್ಟಣದಿಂದ ಸುಮಾರು 60 ಕಿ.ಮೀ. ದೂರದಲ್ಲಿ ಜೂಜ್ ರಾಷ್ಟ್ರೀಯ ಪಕ್ಷಿಧಾಮವಿದೆ. ಇದರ ವಿಸ್ತೀರ್ಣ ಸುಮಾರು 16,000 ಹೆಕ್ಟೇರ್. 1971ರಲ್ಲಿ ಸ್ಥಾಪನೆಯಾದ ಇದು 1981ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 15 ಲಕ್ಷ ಹಕ್ಕಿಗಳಿಗೆ ಇದು ಆಶ್ರಯ ನೀಡುತ್ತದೆ ಎಂದು ಯುನೆಸ್ಕೊ ಹೇಳುತ್ತದೆ.

ಇಷ್ಟೊಂದು ಹಕ್ಕಿಗಳು ಇಲ್ಲಿಗೇ ಏಕೆ ಬರಬೇಕು? ನಕಾಶೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಯುರೋಪಿನಿಂದ ದಕ್ಷಿಣಕ್ಕೆ ಹಾರುವ ಹಕ್ಕಿ ಸಹಾರಾ ಮರುಭೂಮಿಯನ್ನು ದಾಟಲೇಬೇಕು. ಸಾವಿರಾರು ಕಿಲೋಮೀಟರ್ ಮರಳಿನ ಮೇಲೆ ಹಾರಿ ಬಂದ ಹಕ್ಕಿಗೆ ಮೊದಲು ಸಿಗುವ ದೊಡ್ಡ ಸಿಹಿನೀರಿನ ತಾಣಗಳಲ್ಲಿ ಇದೂ ಒಂದು. ನೀರು, ಕೆಸರು, ಹುಳು, ಮೀನು, ಸುತ್ತಲಿನ ಭತ್ತದ ಗದ್ದೆ, ಎಲ್ಲವೂ ಇಲ್ಲಿ ಒಂದೇ ಕಡೆ ದೊರೆಯುತ್ತವೆ.

ಪ್ರವಾಸಿಗರು ಸಾಮಾನ್ಯವಾಗಿ ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿಗೆ ಹೋಗುತ್ತಾರೆ. ದೋಣಿಯಲ್ಲಿ ಕುಳಿತು ಸಾಗಿದರೆ ಸಾವಿರಾರು ಬಿಳಿ ಹೆಜ್ಜಾರ್ಲೆಗಳು ಮರಿ ಮಾಡುವ ಜಾಗವನ್ನು ನೋಡಬಹುದು. ರಾಜಹಂಸ, ಚಮಚದ ಕೊಕ್ಕು, ನೀರುಕಾಗೆ, ಬೆಳ್ಳಕ್ಕಿಗಳೂ ಕಾಣುತ್ತವೆ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಈ ಅನುಭವ ತೀರಾ ಹೊಸದೇನಲ್ಲ.

ನಮ್ಮ ನೆರೆಯ ಹಕ್ಕಿ

ಈಗ ನಮ್ಮ ವಿದ್ಯಾರ್ಥಿನಿ ಹೇಳಿದ ಹಕ್ಕಿಯ ವಿಷಯಕ್ಕೆ ಬರೋಣ. ಅದರ ಹೆಸರು ಗ್ರುಟ್ಟೊ. ನಮ್ಮ ಕಡೆ ಗೊರವ ಎಂದು ಕರೆಯುವ ನೀರುಹಕ್ಕಿಗಳ ಬಳಗಕ್ಕೆ ಸೇರಿದ್ದು. ಉದ್ದನೆಯ ನೇರ ಕೊಕ್ಕು, ಉದ್ದ ಕಾಲು, ವಸಂತದಲ್ಲಿ ಇಟ್ಟಿಗೆಯ ಬಣ್ಣದ ಎದೆ, ಕಪ್ಪು ಬಾಲ, ಹಾರುವಾಗ ರೆಕ್ಕೆಯಲ್ಲಿ ಕಾಣುವ ಬಿಳಿ ಪಟ್ಟೆ ಇದರ ಗುರುತುಗಳು. ತೂಕ ಸುಮಾರು 300 ಗ್ರಾಂ ಅಷ್ಟೇ. ‘ಗ್ರುಟ್ಟೊ, ಗ್ರುಟ್ಟೊ’ ಎಂದು ಕೂಗುವುದರಿಂದಲೇ ಡಚ್ಚರು ಅದಕ್ಕೆ ಆ ಹೆಸರಿಟ್ಟರು. ‘ಕಾ ಕಾ’ ಎನ್ನುವ ಕಾಗೆಯನ್ನು ನೆನೆದರೆ, ಕೂಗಿನಿಂದಲೇ ಹೆಸರು ಹುಟ್ಟುವ ರೀತಿ ನಮ್ಮ ಭಾಷೆಯಲ್ಲೂ ಇದೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಜನರು ಮತ ಹಾಕಿ ಗ್ರುಟ್ಟೊವನ್ನು ತಮ್ಮ ರಾಷ್ಟ್ರಪಕ್ಷಿಯಾಗಿ ಆರಿಸಿದರು.

ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಈ ಹಕ್ಕಿಗಳು ನಮ್ಮ ಸುತ್ತಲಿನ ಹುಲ್ಲುಗಾವಲುಗಳಿಗೆ ಬರುತ್ತವೆ. ನೆಲದ ಮೇಲೇ ಗೂಡು ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತವೆ. ಸುತ್ತಲಿನ ಹುಲ್ಲಿನ ಎಳೆಗಳನ್ನು ಗೂಡಿನ ಮೇಲೆ ಚಾವಣಿಯಂತೆ ಬಾಗಿಸಿ ಮರೆಮಾಡುತ್ತವೆ. ಸುಮಾರು ಮೂರೂವರೆ ವಾರಕ್ಕೆ ಮರಿಗಳು ಹೊರಬರುತ್ತವೆ. ಮರಿ ಹುಟ್ಟಿ ಒಂದು ದಿನದೊಳಗೆ ಗೂಡು ಬಿಟ್ಟು ನಡೆಯುತ್ತದೆ. ತಾಯಿತಂದೆ ಕಾವಲು ಕಾಯುತ್ತವೆ, ಕಾವು ಕೊಡುತ್ತವೆ. ಆದರೆ ಹುಳುಗಳನ್ನು ಹುಡುಕಿ ತಿನ್ನುವ ಕೆಲಸ ಮರಿಯದೇ!

ಜೂನ್ ಕೊನೆ, ಜುಲೈ ಬಂತೆಂದರೆ ಅವು ದಕ್ಷಿಣಕ್ಕೆ ಹೊರಡುತ್ತವೆ. ಇಲ್ಲಿಂದ ಜೂಜ್‌ಗೆ ನೇರವಾಗಿ ಅಳೆದರೂ ಸುಮಾರು 4,500 ಕಿ.ಮೀ. ಎಲ್ಲ ಗ್ರುಟ್ಟೊಗಳೂ ಅಲ್ಲಿಗೇ ಹೋಗುವುದಿಲ್ಲ. ಕೆಲವು ಸೆನೆಗಲ್ ನದಿಯ ಬಯಲಿನಲ್ಲಿ, ಕೆಲವು ಇನ್ನೂ ದಕ್ಷಿಣದ ಗಿನಿ ಬಿಸ್ಸಾವ್ ದೇಶದ ಭತ್ತದ ಗದ್ದೆಗಳಲ್ಲಿ ಉಳಿಯುತ್ತವೆ. ಸ್ಪೇನ್, ಪೋರ್ಚುಗಲ್‌ಗಳಲ್ಲೇ ಚಳಿಗಾಲ ಕಳೆಯುವವೂ ಇವೆ. ಖ್ರೋನಿಂಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ತೇನಿಸ್ ಪಿಯರ್ಸ್ಮಾ ಮತ್ತು ಅವರ ಸಂಗಡಿಗರು ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಕೆಲವಕ್ಕೆ ಉಪಗ್ರಹದಿಂದ ಗುರುತಿಸುವ ಪುಟ್ಟ ಯಂತ್ರ ಕಟ್ಟಿ ಈ ದಾರಿಯನ್ನು ತಿಳಿದಿದ್ದಾರೆ.

ಅರ್ಕೆಮ್‌ಹೇನ್‌ನಲ್ಲಿ ಒಂದು ದಿನ

ಸೆನೆಗಲ್‌ಗೆ ಹೋಗುವುದು ಎಲ್ಲರಿಗೂ ಸಾಧ್ಯವಿಲ್ಲವಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಕೆಲವು ಪೋಷಕರ ಸಹಾಯದಿಂದ ಮಕ್ಕಳನ್ನು ಕರೆದುಕೊಂಡು ಅರ್ಕೆಮ್‌ಹೇನ್‌ಗೆ ಹೋದೆ. ಆಮರ್ಸ್‌ಫೋರ್ಟ್‌ನಿಂದ ನೈಕರ್ಕ್ ಕಡೆಗೆ ಸೈಕಲ್ ತುಳಿದರೆ ಒಂದು ಗಂಟೆಯ ದಾರಿ. ಇದು ಈ ದೇಶದ ಅತ್ಯಂತ ಹಳೆಯ ಪೋಲ್ಡರ್‌ಗಳಲ್ಲಿ ಒಂದು. 1356ರಲ್ಲಿ ಇದಕ್ಕೆ ಏರಿ ಕಟ್ಟಿದರು. ನೀರನ್ನು ಹೊರಹಾಕಲು 1883ರಲ್ಲಿ ಕಟ್ಟಿದ ಉಗಿಯಂತ್ರದ ಪಂಪುಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಗ್ರುಟ್ಟೊ ಕಂಡಾಗ ಮಕ್ಕಳ ಸಂತೋಷ ಹೇಳತೀರದು. ಬೈನಾಕ್ಯುಲರ್‌ಗಾಗಿ ಸಣ್ಣ ಜಗಳವೂ ಆಯಿತು. ಅಷ್ಟರಲ್ಲಿ ದೂರದ ಒಂದು ಹೊಲದಲ್ಲಿ ಟ್ರ್ಯಾಕ್ಟರ್ ಹುಲ್ಲು ಕತ್ತರಿಸುತ್ತಾ ಬಂತು. ಅದರ ಮೇಲೆ ಎರಡು ಗ್ರುಟ್ಟೊಗಳು ಕೂಗುತ್ತಾ ಸುತ್ತು ಹೊಡೆಯತೊಡಗಿದವು. ಮಕ್ಕಳೆಲ್ಲ ಸುಮ್ಮನಾದರು. ಒಬ್ಬ ಹುಡುಗ ನನ್ನ ಕೈ ಹಿಡಿದು, “ಮಿಸ್, ಮರಿ ಇದೆಯಾ ಅಲ್ಲಿ?” ಎಂದು ಕೇಳಿದ. ಟ್ರ್ಯಾಕ್ಟರ್ ಒಂದು ಕಡೆ ಬಳಸಿಕೊಂಡು ಹೋಯಿತು. ಅಲ್ಲಿ ಎರಡು ಕೋಲುಗಳನ್ನು ನೆಟ್ಟಿದ್ದರು. ಗೂಡು ಇರುವ ಕಡೆ ಸ್ವಯಂಸೇವಕರು ಹೀಗೆ ಗುರುತು ಮಾಡುತ್ತಾರೆ, ರೈತರು ಅಷ್ಟು ಹುಲ್ಲನ್ನು ಬಿಡುತ್ತಾರೆ. ಗೂಡು ಉಳಿಯಿತು. ಆದರೆ ನಾಳೆ ಮರಿ ಹೊರಬಂದರೆ ಕತ್ತರಿಸಿದ ಬಯಲಿನಲ್ಲಿ ಎಲ್ಲಿ ಅಡಗೀತು, ಏನು ತಿಂದೀತು? ಈ ಪ್ರಶ್ನೆಗೆ ನಾನು ಆ ದಿನ ಸರಿಯಾಗಿ ಉತ್ತರ ಕೊಡಲಿಲ್ಲ.

ಹಕ್ಕಿಗೆ ಎಲ್ಲಿ ಕಷ್ಟ?

1960ರ ದಶಕದಲ್ಲಿ ಈ ದೇಶದಲ್ಲಿ ಸುಮಾರು 1,20,000 ಜೋಡಿ ಗ್ರುಟ್ಟೊಗಳು ಗೂಡು ಕಟ್ಟುತ್ತಿದ್ದವು. ಈಗ ಅದರ ಮೂರನೇ ಒಂದು ಭಾಗವೂ ಉಳಿದಿಲ್ಲ. ತಪ್ಪು ಆಫ್ರಿಕಾದ್ದೇ ಇರಬೇಕು ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ಮುಖ್ಯ ಕಾರಣ ಇಲ್ಲಿಯೇ ಇದೆ. ಪಂಪು ಬಳಸಿ ನೀರಿನ ಮಟ್ಟ ಇಳಿಸಿದಾಗ ನೆಲ ಬೇಗ ಒಣಗುತ್ತದೆ, ಗೊಬ್ಬರ ಹಾಕಿದ ಹುಲ್ಲು ಬೇಗ ಬೆಳೆಯುತ್ತದೆ, ಕಟಾವೂ ಬೇಗ ಆಗುತ್ತದೆ. ಒಂದೇ ಜಾತಿಯ ದಟ್ಟ ಹುಲ್ಲಿನಲ್ಲಿ ಹೂವಿಲ್ಲ, ಹೂವಿಲ್ಲದ ಕಡೆ ಹುಳುಗಳು ಕಡಿಮೆ. ಯಂತ್ರದಿಂದ, ನರಿ ಮತ್ತು ಕಾಗೆಗಳಿಂದ ತಪ್ಪಿಸಿಕೊಂಡ ಮರಿಯೂ ಹಸಿವಿನಿಂದ ಸಾಯಬಹುದು. ಹಾಗೆಂದು ರೈತರನ್ನು ದೂರುವಂತಿಲ್ಲ. ಮೇ ತಿಂಗಳ ಎಳೆ ಹುಲ್ಲು ತಿಂದ ಹಸುವಿನ ಹಾಲೇ ನಮ್ಮ ಬೆಳಗಿನ ಕಾಫಿಗೂ ಬರುತ್ತದೆ.

ಆಫ್ರಿಕಾದಲ್ಲಿಯೂ ಕಷ್ಟಗಳಿಲ್ಲದೆ ಇಲ್ಲ. ಸಮುದ್ರದ ಉಪ್ಪುನೀರು ಒಳಬರದಂತೆ 1986ರಲ್ಲಿ ಸೆನೆಗಲ್ ನದಿಗೆ ದಿಯಾಮಾ ಅಣೆಕಟ್ಟು ಕಟ್ಟಿದರು. ಬೇಸಾಯಕ್ಕೆ ಅನುಕೂಲವಾಯಿತು, ಆದರೆ ವರ್ಷವಿಡೀ ನಿಂತ ಸಿಹಿನೀರಿನಲ್ಲಿ ಕಳೆ ಹಬ್ಬಿತು. ಬ್ರೆಜಿಲ್ ಮೂಲದ ಸಾಲ್ವೀನಿಯ ಎಂಬ ತೇಲುವ ಕಳೆ, ನಮ್ಮ ಕೆರೆಗಳನ್ನು ಮುಚ್ಚುವ ಅಂತರಗಂಗೆಯಂತೆ, ನೀರನ್ನೇ ಮುಚ್ಚತೊಡಗಿತು. 2000ದಲ್ಲಿ ಯುನೆಸ್ಕೊ ಜೂಜ್ ಅನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಆ ಕಳೆಯನ್ನೇ ತಿನ್ನುವ ಒಂದು ಪುಟ್ಟ ಜೀರುಂಡೆಯನ್ನು ತಂದು ಬಿಟ್ಟು ಅದನ್ನು ಹತೋಟಿಗೆ ತಂದರು. 2006ರಲ್ಲಿ ಜೂಜ್ ಆ ಪಟ್ಟಿಯಿಂದ ಹೊರಬಂತು. ಬಡ ದೇಶವೊಂದು ದೂರದ ಹಕ್ಕಿಗಳಿಗೂ ಜಾಗ ಉಳಿಸಿಕೊಟ್ಟಿದೆ ಎಂಬುದನ್ನು ನಾವು ಮರೆಯಬಾರದು.

ಇಲ್ಲಿಯೂ ಪ್ರಯತ್ನಗಳು ನಡೆದಿವೆ. ಕೆಲವು ರೈತರು ಜೂನ್ ಮಧ್ಯದವರೆಗೆ ಹುಲ್ಲು ಕತ್ತರಿಸುವುದಿಲ್ಲ, ವಸಂತದಲ್ಲಿ ಹೊಲದ ಒಂದು ಭಾಗದಲ್ಲಿ ತೆಳುವಾಗಿ ನೀರು ನಿಲ್ಲಿಸುತ್ತಾರೆ. ಇದರ ನಷ್ಟಕ್ಕೆ ಅವರಿಗೆ ಪರಿಹಾರ ಸಿಗುತ್ತದೆ.

ನಮ್ಮ ನಾಡಿನ ಪಾಠ

ಹಕ್ಕಿ ಮತ್ತು ರೈತ ಜೊತೆಯಾಗಿ ಬಾಳುವುದು ನಮಗೆ ಹೊಸ ಮಾತಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತಾರೆ, ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಡಾ. ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ರಂಗನತಿಟ್ಟು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಜೌಗುಭೂಮಿಗಳ ರಕ್ಷಣೆಗಾಗಿ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿ ಅದು. ಜೂಜ್ ಕೂಡ ಅದೇ ಪಟ್ಟಿಯಲ್ಲಿದೆ. ಗ್ರುಟ್ಟೊ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತವೆ. ಅವು ಇಲ್ಲಿಯವಲ್ಲ, ಏಷ್ಯಾದ ಉತ್ತರ ಭಾಗದಿಂದ ಬರುವ ನೆಂಟರು.

ಹಿಂತಿರುಗುವಾಗ ಮಕ್ಕಳು ಕೇಳಿದ ಕೊನೆಯ ಪ್ರಶ್ನೆ, “ಮಿಸ್, ಗ್ರುಟ್ಟೊದ ಸ್ವಂತ ಊರು ಯಾವುದು? ಇಲ್ಲಿಯದಾ, ಅಲ್ಲಿಯದಾ?” ಇಂಥ ಪ್ರಶ್ನೆಯನ್ನು ನಮ್ಮ ಮಕ್ಕಳಿಗೂ ಜನ ಆಗಾಗ ಕೇಳುತ್ತಿರುತ್ತಾರೆ. ಅದಕ್ಕೆ ಎರಡೂ ಊರುಗಳು ಬೇಕು ಎಂದೆ. ಜೂಜ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಮರಿ ಬದುಕದಿದ್ದರೆ ಅಲ್ಲಿಗೆ ಹೋಗುವವರಾರು? ಇಲ್ಲಿಯ ಹುಲ್ಲು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ನೀರಿಲ್ಲದಿದ್ದರೆ ಮರಳಿ ಬರುವವರಾರು?

ಬರುವ ವಸಂತದಲ್ಲಿ ಪೋಷಕರು ಮಕ್ಕಳೊಂದಿಗೆ ಒಮ್ಮೆ ಅರ್ಕೆಮ್‌ಹೇನ್‌ಗೆ ಹೋಗಿ ಬನ್ನಿ. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಗದ್ದಲ ಮಾಡಬೇಡಿ. ಹಕ್ಕಿಯ ಕಾಲಿನಲ್ಲಿ ಬಣ್ಣದ ಉಂಗುರ ಕಂಡರೆ ಬಣ್ಣಗಳ ಕ್ರಮವನ್ನು ಬರೆದಿಟ್ಟುಕೊಳ್ಳಿ. ಅದೇ ಹಕ್ಕಿಯನ್ನು ಸೆನೆಗಲ್‌ನಲ್ಲಿಯೂ ಯಾರಾದರೂ ನೋಡಿರಬಹುದು.