ಅಗೆದ ಮಣ್ಣಿನ ಲೆಕ್ಕ

ಮನೆಯನ್ನು ಕಟ್ಟಿಸತಕ್ಕವರು ಇಟ್ಟಿಗೆಯೆಷ್ಟು, ಮರವೆಷ್ಟು, ಸಿಮೆಂಟೆಷ್ಟು ಎಂಬುದನ್ನು ಹಲವು ಸಲ ಎಣಿಸಿ ನೋಡುವರು. ಪಾಯ ತೆಗೆಯುವ ಕೆಲಸವೊಂದನ್ನು ಮಾತ್ರ, ಮಣ್ಣು ಅಗೆಯುವುದು ತಾನೆ ಎಂದು, ಲೆಕ್ಕದಿಂದ ಹೊರಗೆ ಬಿಡುವುದು ವಾಡಿಕೆಯಾಗಿದೆ. ಕಡೆಗೆ ಯಜಮಾನನಿಗೂ ಕೆಲಸದವರಿಗೂ ಮೊದಲನೆಯ ಮನಸ್ತಾಪವು ಹುಟ್ಟುವುದು ಈ ಮಣ್ಣಿನ ವಿಷಯದಲ್ಲಿಯೇ. ಆದಕಾರಣ ಅಗೆತದ ಅಳತೆಯನ್ನೂ ವೆಚ್ಚವನ್ನೂ ಮುಂಚಿತವಾಗಿ ಅಂದಾಜುಮಾಡುವ ಬಗೆಯನ್ನು ನಾವು ಇಲ್ಲಿ ವಿಚಾರಮಾಡೋಣ.

ಈ ಗಣಿತವು ನಮ್ಮ ನಾಡಿಗೆ ಹೊಸದಲ್ಲ. ಸುಮಾರು ಕ್ರಿ. ಶ. 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಅಗೆತದ ಲೆಕ್ಕಕ್ಕೆ 'ಖಾತವ್ಯವಹಾರ'ವೆಂಬ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಇರುವ ಗುಂಡಿಗೆ ಅವನು ಹೇಳಿದ ಉಪಾಯವು ಇಂದಿಗೂ ಸರಿಯಾದುದು. ಮೇಲೆ 10 ಮೀಟರು ಚೌಕ, ತಳದಲ್ಲಿ 6 ಮೀಟರು ಚೌಕ, ಆಳ 3 ಮೀಟರು ಇರುವ ಹೊಂಡವೊಂದನ್ನು ತೆಗೆದುಕೊಳ್ಳೋಣ. ಬಾಹುಗಳ ಸರಾಸರಿಯಾದ 8ನ್ನು ಹಿಡಿದು ಗುಣಿಸಿದರೆ 192 ಘನಮೀಟರು ಬರುವುದು, ಇದು ಕಡಿಮೆ. ಎರಡು ಕ್ಷೇತ್ರಫಲಗಳ ಸರಾಸರಿಯಾದ 68ನ್ನು ಆಳದಿಂದ ಗುಣಿಸಿದರೆ 204 ಬರುವುದು, ಇದು ಹೆಚ್ಚು. ಇವೆರಡರ ಅಂತರವಾದ 12ರಲ್ಲಿ ಮೂರನೆಯ ಒಂದು ಪಾಲನ್ನು ಮೊದಲನೆಯದಕ್ಕೆ ಕೂಡಿದರೆ 196. ಇದೇ ನಿಜವಾದ ಘನಫಲ. ಬಾವಿ, ಕೃಷಿಹೊಂಡ, ಕೆರೆಯ ಹೂಳು ಮುಂತಾದ ಇಳಿಜಾರಾದ ಅಗೆತಗಳಿಗೆಲ್ಲ ಈ ವಿಧಾನವು ಒದಗುವುದು.

ಮನೆಯ ಪಾಯದ ಗೋಡೆಗಳು ನೆಟ್ಟಗಿರುವುದರಿಂದ ಉದ್ದ, ಅಗಲ, ಆಳಗಳ ಗುಣಾಕಾರವೇ ಸಾಕು. ಆದರೆ ಉದ್ದವನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂಬಲ್ಲಿ ಜನರು ತಪ್ಪುವರು. ಒಂದು ಅಡ್ಡಗೋಡೆಯುಳ್ಳ ಎರಡು ಕೋಣೆಗಳ ಮನೆಯಿದೆಯೆನ್ನಿ. ಗೋಡೆಗಳ ನಡುಗೆರೆಯಿಂದ ನಡುಗೆರೆಗೆ ಉದ್ದ 8 ಮೀಟರು, ಅಗಲ 5 ಮೀಟರು; ಪಾಯದ ಅಗಲ 0.9 ಮೀಟರು, ಆಳ 1.2 ಮೀಟರು. ಸುತ್ತುಗೋಡೆಗಳ ನಡುಗೆರೆ 26 ಮೀಟರು, ಅಡ್ಡಗೋಡೆಯದು 5, ಒಟ್ಟು 31 ಮೀಟರು. ಅಡ್ಡಗೋಡೆಯು ಎರಡು ಕಡೆಗಳಲ್ಲಿ ಉದ್ದಗೋಡೆಯನ್ನು ಸೇರುವುದರಿಂದ, ಪ್ರತಿಯೊಂದು ಕೂಡುವ ಎಡೆಯಲ್ಲಿಯೂ ಪಾಯದ ಅರ್ಧ ಅಗಲವನ್ನು ಕಳೆಯಬೇಕು. ಹಾಗೆ 0.9 ಮೀಟರು ಕಳೆದರೆ ಉಳಿಯುವುದು 30.1 ಮೀಟರು. ಇದನ್ನು ಅಗಲ ಆಳಗಳಿಂದ ಗುಣಿಸಲು ಸುಮಾರು 32.5 ಘನಮೀಟರು ಬರುವುದು. ನಡುಗೆರೆಯನ್ನು ಬಿಟ್ಟು ಎಲ್ಲ ಗೋಡೆಗಳ ಹೊರ ಅಳತೆಯನ್ನೇ ಕೂಡಿದವನಿಗೆ 38.3 ಘನಮೀಟರು ದೊರೆಯುವುದು. ಮೂಲೆಗಳನ್ನು ಎರಡೆರಡು ಸಲ ಎಣಿಸಿದ್ದರಿಂದ ಆರು ಘನಮೀಟರಿನಷ್ಟು ಇಲ್ಲದ ಮಣ್ಣಿಗೆ ಹಣ ತೆತ್ತಂತಾಯಿತು.

1956ರ ಕಾಯಿದೆಯಿಂದ ಮೆಟ್ರಿಕ್ ಅಳತೆಗಳು ನಮ್ಮ ದೇಶದಲ್ಲಿ ಜಾರಿಗೆ ಬಂದುವಾದರೂ, ಮೇಸ್ತ್ರಿಗಳು ಇಂದಿಗೂ ಬ್ರಾಸಿನ ಲೆಕ್ಕವನ್ನು ಹೇಳುವುದುಂಟು. ಒಂದು ಬ್ರಾಸೆಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನಮೀಟರು. ನಮ್ಮ ಪಾಯವು ಹನ್ನೊಂದೂವರೆ ಬ್ರಾಸು ಆಗುವುದು.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ನೆಲದಲ್ಲಿ ಒತ್ತಾಗಿ ಕುಳಿತಿದ್ದ ಮಣ್ಣು ಅಗೆದೊಡನೆ ಸಡಿಲವಾಗಿ ಉಬ್ಬುವುದು. ಮರಳು ಸ್ವಲ್ಪವೇ ಉಬ್ಬುವುದು. ಸಾಧಾರಣವಾದ ಮಣ್ಣು ಕಾಲುಭಾಗದಷ್ಟು ಹೆಚ್ಚುವುದು. ಒಡೆದ ಬಂಡೆಯು ಅರ್ಧದಷ್ಟಾದರೂ ಹೆಚ್ಚುವುದು. ಆದುದರಿಂದ ಗುಂಡಿಯಲ್ಲಿ 32.5 ಇದ್ದ ಮಣ್ಣು ಗುಡ್ಡೆಯಲ್ಲಿ 40 ಘನಮೀಟರಿಗೂ ಮಿಗಿಲಾಗುವುದು. ಕೂಲಿಯನ್ನು ಗುಂಡಿಯ ಅಳತೆಗೆ ಕೊಡಬೇಕೋ ಗುಡ್ಡೆಯ ಅಳತೆಗೆ ಕೊಡಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ಜಗಳಕ್ಕೆ ಬೇರೆ ಕಾರಣ ಬೇಡ. ಗುಂಡಿಯನ್ನು ಅಳೆಯುವುದೇ ನ್ಯಾಯವಾದ ಪದ್ಧತಿ. ಸಾಗಿಸುವ ಗಾಡಿಗೆ ಮಾತ್ರ ಗುಡ್ಡೆಯ ಅಳತೆಯು ಸಲ್ಲತಕ್ಕದ್ದು.

ತೆಗೆದ ಮಣ್ಣೆಲ್ಲವನ್ನೂ ಸಾಗಿಸಬೇಕಾಗಿಯೂ ಇಲ್ಲ. ಪಾಯದೊಳಗಿನ ಕಲ್ಲುಕಟ್ಟಡವು 18 ಘನಮೀಟರು ಸ್ಥಳವನ್ನು ಹಿಡಿಯುವುದೆಂದರೆ, ಮಿಕ್ಕ 14.5ರಷ್ಟನ್ನು ಮಗ್ಗುಲುಗಳಿಗೆ ತುಂಬಿ, ನೀರು ಹಾಕಿ, ದಮ್ಮಸು ಮಾಡಬೇಕು. ಉಳಿದ 18 ಘನಮೀಟರು ಉಬ್ಬಿ 22.5 ಆಗುವುದು, ಬ್ರಾಸು ಹಿಡಿಯುವ ಗಾಡಿಗೆ ಎಂಟು ಸರದಿ. ಇದೂ ಗರಸುಮಣ್ಣಾಗಿದ್ದರೆ ಕೋಣೆಗಳ ನೆಲದ ಕೆಳಗೆ ತುಂಬಲು ಒದಗಿ, ಸಾಗಣೆಯ ಖರ್ಚೂ ಹೊರಗಿನಿಂದ ಮಣ್ಣು ತರುವ ಖರ್ಚೂ ಉಳಿಯುವುವು. ಎರೆಮಣ್ಣನ್ನು ಮಾತ್ರ ಹಾಗೆ ತುಂಬಕೂಡದು. ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ನೆಲವನ್ನೇ ಸೀಳುವುದು.

ದರವು ಮಣ್ಣಿನ ಗಡಸುತನವನ್ನೂ, ಎತ್ತುವ ಆಳವನ್ನೂ, ಹೊರುವ ದೂರವನ್ನೂ ಅನುಸರಿಸಿರುವುದು. ಗುದ್ದಲಿಗೆ ಬರುವ ಮಣ್ಣಿಗೂ ಹಾರೆ ಪಿಕಾಸಿಗಳನ್ನು ಬೇಡುವ ಗರಸಿಗೂ ಬಂಡೆಗೂ ಬೇರೆ ಬೇರೆ ದರ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ನೋಡಿ ಆಯಾ ಸ್ಥಳದ ದರವನ್ನು ತಿಳಿಯಬಹುದು. ಕೇವಲ ಲೆಕ್ಕಕ್ಕಾಗಿ ಮಣ್ಣಿಗೆ ಘನಮೀಟರಿಗೆ 300 ರೂಪಾಯಿ, ಗರಸಿಗೆ 450 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಲಿನ 0.9 ಮೀಟರು ಮೆದುಮಣ್ಣು, ಕೆಳಗಿನ 0.3 ಮೀಟರು ಗರಸು ಇದ್ದರೆ, 24.4 ಘನಮೀಟರಿಗೆ 7,320 ರೂಪಾಯಿ, 8.1ಕ್ಕೆ 3,645 ರೂಪಾಯಿ. ತುಂಬಿ ದಮ್ಮಸು ಮಾಡಲು ಘನಮೀಟರಿಗೆ 100ರಂತೆ 1,450. ಗಾಡಿಗೆ 600ರಂತೆ ಎಂಟು ಸರದಿಗೆ 4,800. ಒಟ್ಟು 17,215 ರೂಪಾಯಿ. ಅನಿರೀಕ್ಷಿತಗಳಿಗಾಗಿ ನೂರಕ್ಕೆ ಐದರಂತೆ ಕೂಡಿದರೆ ಸುಮಾರು 18,100. ಅಗೆತವನ್ನು ಮಾತ್ರ ಎಣಿಸಿ, ಅದನ್ನೂ ಮೆದುಮಣ್ಣಿನ ದರದಲ್ಲಿಯೇ ಹಿಡಿದವನು 9,750 ರೂಪಾಯಿಗಳನ್ನು ತೆಗೆದಿಟ್ಟು ನಿಶ್ಚಿಂತನಾಗಿರುವನು; ಬೇಕಾಗುವುದು ಅದರ ಇಮ್ಮಡಿಗೆ ಸಮೀಪ. ಇದನ್ನು ತಪ್ಪಿಸಲು ನಿವೇಶನದ ಎರಡು ಮೂರು ಕಡೆ ಪಾಯದ ಆಳದವರೆಗೆ ಪರೀಕ್ಷೆಯ ಗುಂಡಿಗಳನ್ನು ತೋಡಿ ನೋಡತಕ್ಕದ್ದು.

ಇಷ್ಟೆಲ್ಲ ಉಳಿತಾಯವನ್ನು ಹೇಳಿದ ಮೇಲೆ, ಉಳಿತಾಯ ಮಾಡಬಾರದ ಒಂದೆಡೆಯನ್ನೂ ಹೇಳಬೇಕು. ಒಂದೂವರೆ ಮೀಟರಿಗಿಂತ ಆಳವಾದ ಕಂದಕಕ್ಕೆ ಹಲಗೆ ಮತ್ತು ಅಡ್ಡಮರಗಳ ಆಸರೆಯನ್ನು ಕೊಡಬೇಕು, ಇಲ್ಲವೆ ಅಂಚನ್ನು ಇಳಿಜಾರಾಗಿ ಕಡಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರು ಅಥವಾ ಆಳದ ಅರ್ಧ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿಗೂ ಮಿಗಿಲಾದ ಭಾರ. ಅದು ಕುಸಿದರೆ ಕೆಳಗಿರುವವನು ಎದೆಯವರೆಗೆ ಹೂತರೂ ಉಸಿರಾಡಲಾರನು. ಆಸರೆಯ ವೆಚ್ಚವನ್ನು ಅಂದಾಜಿನಲ್ಲಿಯೇ ಬೇರೊಂದು ಸಾಲಾಗಿ ಬರೆದಿಟ್ಟರೆ, ಕೆಲಸದ ಹೊತ್ತಿಗೆ ಅದನ್ನು ಬಿಡುವ ಆಸೆಯು ಹುಟ್ಟದು.

ಕಡೆಯದಾಗಿ, ಅಗೆತವು ಮುಗಿದು ಕಾಂಕ್ರೀಟು ಬೀಳುವುದಕ್ಕೆ ಮುಂಚೆ, ಯಜಮಾನನೂ ಮೇಸ್ತ್ರಿಯೂ ಜೊತೆಯಲ್ಲಿ ನಿಂತು ಟೇಪು ಹಿಡಿದು ಅಳೆದು, ಅಂಕಿಗಳನ್ನು ಬರೆದು, ಇಬ್ಬರೂ ರುಜು ಹಾಕಲಿ. ಮುಚ್ಚಿಹೋದ ಪಾಯವನ್ನು ಮತ್ತೆ ಅಳೆಯುವಂತಿಲ್ಲ. ಅಂದು ಬರೆದ ನಾಲ್ಕು ಅಂಕಿಗಳು ಯಜಮಾನನ ಹಣವನ್ನೂ ದುಡಿದವನ ಕೂಲಿಯನ್ನೂ ಸಮನಾಗಿ ಕಾಪಾಡುವುವು.