ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು

ಗ್ರಾಮ ಪಂಚಾಯಿತಿಯ ಸಭೆಗೆ ಮುನ್ನ ಸದಸ್ಯರ ಮನೆ ಬಾಗಿಲಿಗೆ ಬರುವ ತಿಳುವಳಿಕೆ ಪತ್ರಕ್ಕೆ ಒಂದು ಸಿದ್ಧ ರೂಪವಿದೆ. ಮೊದಲನೆಯದು, ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಎರಡನೆಯದು, ಜಮಾ ಖರ್ಚಿನ ವಿವರ. ಆಮೇಲೆ ಕುಡಿಯುವ ನೀರು, ಬೀದಿದೀಪ, ಚರಂಡಿ, ಸಾರ್ವಜನಿಕರಿಂದ ಬಂದ ಅರ್ಜಿಗಳು, ಸರ್ಕಾರದ ಸುತ್ತೋಲೆಗಳು. ಕೊನೆಯ ಸಾಲು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’. ಇಡೀ ಪತ್ರದಲ್ಲಿ ಅತ್ಯಂತ ನಿರುಪದ್ರವಿಯಾಗಿ ಕಾಣುವ ಸಾಲು ಇದೇ. ಅನುಭವಸ್ಥ ಸದಸ್ಯರು ಎಚ್ಚರದಿಂದ ನೋಡುವುದೂ ಇದನ್ನೇ.

ಯಾಕೆಂದರೆ, ಸಭೆಯಲ್ಲಿ ಏನು ಚರ್ಚೆಯಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕು ಎನ್ನುವುದೇ ಸಭಾ ನಿಯಮಗಳ ತಿರುಳು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಗೆ ಪೂರ್ಣ ಏಳು ದಿನ, ವಿಶೇಷ ಸಭೆಗೆ ಪೂರ್ಣ ಮೂರು ದಿನ ಮುಂಚಿತವಾಗಿ ತಿಳುವಳಿಕೆ ಕೊಡಬೇಕು. ಸ್ಥಳ, ದಿನ, ವೇಳೆಯ ಜತೆಗೆ ಚರ್ಚೆಯ ವಿಷಯವೂ ಅದರಲ್ಲಿ ಇರಬೇಕು. ಸದಸ್ಯರಲ್ಲಿ ಮೂರನೇ ಒಂದರಷ್ಟು ಮಂದಿ ಬರೆದು ಕೇಳಿದರೆ ಅಧ್ಯಕ್ಷರು ವಿಶೇಷ ಸಭೆ ಕರೆಯಲೇಬೇಕು. ‘ನೋಡೋಣ’ ಎಂದು ಮುಂದೂಡುವಂತಿಲ್ಲ. ಏಳು ದಿನ ಎಂಬುದು ಗುಮಾಸ್ತರ ಲೆಕ್ಕವಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಒಂದು ಹಳ್ಳಿಯ ಸದಸ್ಯೆಗೆ, ತನ್ನ ಊರಿನ ಕೊಳವೆ ಬಾವಿಯ ಮೋಟಾರು ದುರಸ್ತಿಯ ಬಿಲ್ಲು ಈ ಸಭೆಗೆ ಬರುತ್ತದೆಂದು ಮೊದಲೇ ತಿಳಿದರೆ, ಮೋಟಾರು ನಿಜಕ್ಕೂ ಎತ್ತಿ ಇಳಿಸಿದರೇ ಎಂದು ನೀರುಗಂಟಿಯನ್ನು ಕೇಳಿಕೊಂಡು ಬರಬಹುದು. ಅದೇ ಬಿಲ್ಲು ‘ಇತರೆ ವಿಷಯ’ದ ಬಾಗಿಲಿನಿಂದ ಒಳಗೆ ಬಂದರೆ, ಚಹಾ ಕುಡಿಯುವ ಹೊತ್ತಿಗೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದು ಮುಗಿದಿರುತ್ತದೆ.

ಹಳ್ಳಿಯ ವ್ಯವಹಾರ ಹೀಗೆ ಕಾಗದದ ಮೇಲೆ, ಎಣಿಸಿದ ತಲೆಗಳ ನಡುವೆ ನಡೆಯಬೇಕೆಂಬುದು ಈ ಸೀಮೆಗೆ ತೀರಾ ಹಳೆಯ ಸಂಗತಿಯೇನಲ್ಲ. ಮೈಸೂರು ಸಂಸ್ಥಾನದಲ್ಲಿ 1926ರಲ್ಲೇ ಗ್ರಾಮ ಪಂಚಾಯಿತಿ ಕಾಯ್ದೆ ಬಂದಿತ್ತಾದರೂ ಊರಿನ ನಿಜವಾದ ಅಧಿಕಾರ ಇದ್ದದ್ದು ಪಟೇಲರ ಜಗಲಿಯ ಮೇಲೆ, ಶಾನುಭೋಗರ ಕಡತದಲ್ಲಿ. ಪಟೇಲಿಕೆಯೂ ಶಾನುಭೋಗಿಕೆಯೂ ವಂಶಪಾರಂಪರ್ಯ. ತೋಟಿ, ತಳವಾರ, ನೀರುಗಂಟಿಗಳದೂ ಹಾಗೆಯೇ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದ ಮೇಲಷ್ಟೇ ಆ ಕೊಂಡಿ ಕಳಚಿತು. ಆಮೇಲೂ ಪಂಚಾಯಿತಿಗಳ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದ ಕಾಲಕ್ಕೆ, ‘ನೀರ್ ಸಾಬ್’ ಎಂದು ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಹಟದಿಂದಾಗಿ 1983ರ ಕಾಯ್ದೆ ರೂಪುಗೊಂಡು, 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆಗೇ ಆಗ ವರ್ಷ ತುಂಬಿರಲಿಲ್ಲ. ಅದು ಹುಟ್ಟಿದ್ದು 1986ರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದಾಗ ಇದರ ಪಾಲಿಗೆ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು.

ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ ಬಂದ 1993ರ ಕಾಯ್ದೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರೆಂದು ಗೊತ್ತುಮಾಡಿತು. ಇದು ಬಹಳ ಸಣ್ಣ ಅಳತೆ. ಶಾಸಕರ ಮುಖ ನೋಡದವರೂ ಪಂಚಾಯಿತಿ ಸದಸ್ಯರ ಮನೆಗೆ ಬೆಳಗಿನ ಹೊತ್ತು ಹೋಗಿ ‘ಏನಣ್ಣ, ನಲ್ಲೀಲಿ ನೀರಿಲ್ಲ’ ಎಂದು ಕೇಳಬಲ್ಲರು. ಮಹಿಳೆಯರಿಗೆ ಮೊದಲು ಮೂರನೇ ಒಂದರಷ್ಟಿದ್ದ ಮೀಸಲು 2010ರಲ್ಲಿ ಅರ್ಧಕ್ಕೇರಿತು. ಗೆದ್ದ ಹೆಂಡತಿಯ ಕುರ್ಚಿಯ ಪಕ್ಕದಲ್ಲಿ ಗಂಡ ಕುರ್ಚಿ ಎಳೆದುಕೊಳ್ಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ; ಆದರೆ ನಡವಳಿ ಪುಸ್ತಕದಲ್ಲಿ ಸಹಿ ಮಾಡಬೇಕಾದವಳು ಅವಳೇ, ಕೋರ್ಟಿನಲ್ಲಿ ಉತ್ತರ ಹೇಳಬೇಕಾದವಳೂ ಅವಳೇ.

ಸಭೆ ಸಾಮಾನ್ಯವಾಗಿ ತಿಂಗಳಿಗೊಂದು. ಅಧ್ಯಕ್ಷರು, ಅವರಿಲ್ಲದಿದ್ದರೆ ಉಪಾಧ್ಯಕ್ಷರು, ಇಬ್ಬರೂ ಇಲ್ಲದಿದ್ದರೆ ಹಾಜರಿದ್ದವರು ಆರಿಸಿಕೊಂಡ ಒಬ್ಬರು ಸಭೆ ನಡೆಸುತ್ತಾರೆ. ನಿಗದಿಯಾದಷ್ಟು ಸದಸ್ಯರು ಸೇರದಿದ್ದರೆ ಸ್ವಲ್ಪ ಹೊತ್ತು ಕಾದು ಸಭೆ ಮುಂದೂಡಬೇಕು. ಹಳ್ಳಿಯ ರಾಜಕೀಯ ಬಲ್ಲವರಿಗೆ ‘ಕೋರಂ’ ಎಂಬುದು ಒಂದು ಅಸ್ತ್ರ: ವಿರೋಧಿಸುವ ಬದಲು ಬಾರದೆ ಇರುವುದು. ನಿರ್ಣಯ ಬಹುಮತದಿಂದ. ಮತಗಳು ಸಮನಾದರೆ ಅಧ್ಯಕ್ಷರಿಗೆ ಇನ್ನೊಂದು ನಿರ್ಣಾಯಕ ಮತವುಂಟು. ಪ್ರತಿ ನಿರ್ಣಯದ ಕೆಳಗೆ ಸೂಚಕರು ಯಾರು, ಅನುಮೋದಕರು ಯಾರು ಎಂದು ಬರೆಯುವುದು ಪದ್ಧತಿ. ಹಣದ ಸ್ವಾರ್ಥವಿರುವ ವಿಷಯ ಬಂದಾಗ ಆ ಸದಸ್ಯರು ಚರ್ಚೆಯಲ್ಲಿ ಸೇರುವಂತಿಲ್ಲ, ಮತ ಹಾಕುವಂತಿಲ್ಲ. ಕಾಮಗಾರಿಯ ಗುತ್ತಿಗೆ ಹಿಡಿದವನು ಸದಸ್ಯರ ಬಾಮೈದನಾಗಿದ್ದರೆ ಇದು ಪರೋಕ್ಷ ಸ್ವಾರ್ಥವೇ ಎಂಬ ಜಗಳ ಬಹಳ ಪಂಚಾಯಿತಿಗಳಿಗೆ ಪರಿಚಿತ.

ಕಾನೂನಿನ ಅಕ್ಷರಕ್ಕೂ ರೂಢಿಗೂ ಅತ್ಯಂತ ದೂರವಿರುವುದು ನಡವಳಿ ಬರೆಯುವ ವಿಚಾರದಲ್ಲಿ. ಸಭೆಯಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಹಾಜರಿಗೆಂದು ಹಾಕಿದ ಸಹಿಯ ಮೇಲೆ ಜಾಗ ಬಿಟ್ಟು, ನಿರ್ಣಯಗಳನ್ನು ಆಮೇಲೆ ತುಂಬಿಕೊಳ್ಳುವ ಪರಿಪಾಟವಿರುವ ಕಡೆ ಸದಸ್ಯರು ತಾವು ಕೇಳಿಯೇ ಇರದ ಮಾತಿಗೆ ಸೂಚಕರಾಗಿರುತ್ತಾರೆ. ಗೆರೆ ಎಳೆದು, ಅದರ ಕೆಳಗೆ ಸಹಿ ಹಾಕುವ ಜಾಣ ಸದಸ್ಯರೂ ಇದ್ದಾರೆ.

ಹದಿನೈದು ಇಪ್ಪತ್ತು ಮಂದಿ ತಿಂಗಳಿಗೊಮ್ಮೆ ಕೂತು ಎಲ್ಲವನ್ನೂ ನಿರ್ಧರಿಸಲು ಸಾಧ್ಯವಿಲ್ಲ. ಪೈಪು ಒಡೆದರೆ ಮುಂದಿನ ಸಭೆಯವರೆಗೆ ಕಾಯುವುದು ಹೇಗೆ? ಆದ್ದರಿಂದ ಸಭೆ ತನ್ನ ಅಧಿಕಾರದ ಒಂದೊಂದು ತುಂಡನ್ನು ಬೇರೆಯವರ ಕೈಗೆ ಕೊಡಬೇಕಾಗುತ್ತದೆ. ಕೊಟ್ಟದ್ದನ್ನು ಲೆಕ್ಕ ಕೇಳುವುದು ಹೇಗೆ ಎಂಬುದು ಆಡಳಿತದ ಅತಿ ಹಳೆಯ ಪ್ರಶ್ನೆಗಳಲ್ಲೊಂದು. ತಮಿಳುನಾಡಿನ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಚೋಳ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರಿನ 30 ಕೇರಿಗಳಿಂದ ಹೆಸರುಗಳನ್ನು ಓಲೆಯಲ್ಲಿ ಬರೆದು ಕೊಡದಲ್ಲಿ ಹಾಕಿ, ಏನೂ ತಿಳಿಯದ ಹುಡುಗನ ಕೈಯಿಂದ ಎತ್ತಿಸಿ, ಆಯ್ಕೆಯಾದವರನ್ನು ವಾರ್ಷಿಕ ಸಮಿತಿಗೆ 12, ತೋಟದ ಸಮಿತಿಗೆ 12, ಕೆರೆಯ ಸಮಿತಿಗೆ 6 ಎಂದು ಹಂಚುತ್ತಿದ್ದರು. ಅವಧಿ ಒಂದೇ ವರ್ಷ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಷ್ಟೇ ಅಲ್ಲ, ಅವನ ಹತ್ತಿರದ ನೆಂಟರೂ ಅನರ್ಹರು! ಅದು ಬ್ರಾಹ್ಮಣ ಅಗ್ರಹಾರದ ಸಭೆ. ಭೂಮಿಯಿಲ್ಲದವರಿಗೂ ಹೆಂಗಸರಿಗೂ ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಅದನ್ನು ಪ್ರಜಾಪ್ರಭುತ್ವದ ಸ್ವರ್ಗವೆಂದು ಹೊಗಳುವುದು ಅತಿಯಾದೀತು. ಆದರೆ ಕೆರೆಯ ಕೆಲಸಕ್ಕೆ ಪ್ರತ್ಯೇಕ ಸಮಿತಿ, ಸಮಿತಿಗೆ ಅವಧಿ, ಅವಧಿಯ ಕೊನೆಗೆ ಲೆಕ್ಕ ಎಂಬ ಮೂರು ಮಾತನ್ನು ಅವರು ಕಲ್ಲಿನ ಮೇಲೆ ಕೊರೆಸಿದ್ದರು.

1993ರ ಕಾಯ್ದೆಯೂ ಮೂರು ಸ್ಥಾಯಿ ಸಮಿತಿಗಳನ್ನು ಹೇಳಿತು. ಬೇಸಾಯ, ಪಶುಪಾಲನೆ, ಗ್ರಾಮೋದ್ಯೋಗಕ್ಕೆ ಉತ್ಪಾದನಾ ಸಮಿತಿ. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಮತ್ತು ಮಕ್ಕಳ ಹಿತಕ್ಕೆ ಸಾಮಾಜಿಕ ನ್ಯಾಯ ಸಮಿತಿ. ಶಿಕ್ಷಣ, ಆರೋಗ್ಯ, ಲೋಕೋಪಯೋಗಿ ಕೆಲಸಗಳಿಗೆ ಸೌಕರ್ಯ ಸಮಿತಿ. ಸಾಮಾಜಿಕ ನ್ಯಾಯ ಸಮಿತಿಯ ಅಧ್ಯಕ್ಷತೆಯನ್ನು ಉಪಾಧ್ಯಕ್ಷರಿಗೆ, ಉಳಿದೆರಡನ್ನು ಅಧ್ಯಕ್ಷರಿಗೆ ವಹಿಸಲಾಗಿತ್ತು. ಮುಂದಿನ ತಿದ್ದುಪಡಿಗಳಲ್ಲಿ ಹೆಸರು ಮತ್ತು ಕೆಲಸದ ಹಂಚಿಕೆ ಬದಲಾದವು. ಸಾಮಾಜಿಕ ನ್ಯಾಯ ಸಮಿತಿ ಮಾತ್ರ ಉಳಿದುಕೊಂಡಿತು. ಕಾಗದದ ಮೇಲೆ ಇಷ್ಟು ಅಂದವಾಗಿರುವ ಈ ಸಮಿತಿಗಳೇ ಪಂಚಾಯಿತಿಯ ಅತ್ಯಂತ ನಿಸ್ತೇಜ ಭಾಗ ಎಂದು ಹೇಳದೆ ವಿಧಿಯಿಲ್ಲ. ಸಮಿತಿಗೆ ಸ್ವಂತ ಹಣವಿಲ್ಲ, ಅದರ ಮಾತು ಸಾಮಾನ್ಯ ಸಭೆಯ ಹಿಡಿತಕ್ಕೆ ಒಳಪಟ್ಟದ್ದು. ಅದೇ ವಿಷಯವನ್ನು ಅವೇ ಮುಖಗಳು ಎರಡು ಸಲ ಮಾತಾಡುವುದೇಕೆಂದು ಸದಸ್ಯರಿಗೆ ಅನಿಸುವುದು ಸಹಜ.

ಅಧಿಕಾರದ ನಿಜವಾದ ವರ್ಗಾವಣೆ ನಡೆಯುವುದು ಬೇರೆ ಎರಡು ಕಡೆ. ಒಂದು, ಅಧ್ಯಕ್ಷರ ಕೈ. ಜನರ ಆರೋಗ್ಯ, ಸುರಕ್ಷತೆಗೆ ತುರ್ತಾಗಿ ಬೇಕಾದ ಕೆಲಸವನ್ನು ಸಭೆಯ ಮಂಜೂರಾತಿಗೆ ಕಾಯದೆ ಮಾಡಿಸಲು ಕಾಯ್ದೆ ಅವರಿಗೆ ಅವಕಾಶ ಕೊಟ್ಟಿದೆ. ಮುಂದಿನ ಸಭೆಗೆ ಅದನ್ನು ವರದಿ ಮಾಡಬೇಕು; ಸಭೆ ಬೇಡವೆಂದು ಮೊದಲೇ ನಿರ್ಣಯಿಸಿದ್ದನ್ನು ಈ ದಾರಿಯಲ್ಲಿ ಮಾಡುವಂತಿಲ್ಲ. ನದಿ ನಾಲೆಗಳ ಆಸರೆಯಿಲ್ಲದ ಈ ಜಿಲ್ಲೆಯ ಹಳ್ಳಿಗಳಲ್ಲಿ ಏಪ್ರಿಲ್ ಬಂತೆಂದರೆ ಕೊಳವೆ ಬಾವಿ ಬತ್ತುತ್ತದೆ, ಟ್ಯಾಂಕರ್ ತರಿಸಬೇಕು. ಆಗ ಈ ಅಧಿಕಾರ ವರವೇ ಸರಿ. ಬಿಲ್ಲಿಗೆ ಆಮೇಲೆ ‘ಘಟನೋತ್ತರ ಅನುಮೋದನೆ’ ಪಡೆಯುತ್ತಾರೆ. ಎಷ್ಟು ಟ್ಯಾಂಕರ್ ಬಂತು, ಯಾವ ಬೀದಿಗೆ ಬಂತು ಎಂದು ಆ ಹೊತ್ತಿಗೆ ನೆನಪಿಟ್ಟುಕೊಂಡಿರುವವರು ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರು ಮಾತ್ರ. ಅವರು ಕೇಳಬಹುದಾದ ಜಾಗ ಗ್ರಾಮಸಭೆ, ಅದು ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು.

ಇನ್ನೊಂದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಕೈ. ಹಿಂದೆ ಕಾರ್ಯದರ್ಶಿಯೊಬ್ಬರೇ ನೋಡುತ್ತಿದ್ದ ಕೆಲಸಕ್ಕೆ ಒಂದೂವರೆ ದಶಕದ ಹಿಂದೆ ಈ ಹುದ್ದೆ ಸೃಷ್ಟಿಯಾಯಿತು. ಹಣ ಬಿಡುಗಡೆಗೆ ಅಧ್ಯಕ್ಷರ ಜತೆ ಇವರ ಒಪ್ಪಿಗೆಯೂ ಬೇಕು. ಜಂಟಿ ಸಹಿಯ ಉದ್ದೇಶವೇ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂಬುದು. ಇ–ಸ್ವತ್ತು ಬಂದ ಮೇಲೆ ಆಸ್ತಿಯ ನಮೂನೆ 9, ನಮೂನೆ 11 ಪಿಡಿಒ ಅವರ ಡಿಜಿಟಲ್ ಸಹಿಯಿಲ್ಲದೆ ಹೊರಬರುವುದಿಲ್ಲ. ಹೊಸಕೋಟೆ ಅಥವಾ ದೇವನಹಳ್ಳಿಯ ಬಳಿ ಒಂದು ನಿವೇಶನದ ಬೆಲೆ ಏನೆಂದು ಬಲ್ಲವರಿಗೆ ಈ ಒಂದು ಸಹಿಯ ತೂಕ ಬಿಡಿಸಿ ಹೇಳಬೇಕಿಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ರಾಗಿ, ದ್ರಾಕ್ಷಿಯ ಹೊಲಗಳ ನಡುವೆ ಬಡಾವಣೆಗಳು ಎದ್ದವು. ಹಳೆಯ ಕಾಲದಲ್ಲಿ ಇಂಥ ಅರ್ಜಿ ಸಭೆಯ ಮುಂದೆ ಬಂದು, ಪರ ವಿರೋಧ ಮಾತಾಗುತ್ತಿತ್ತು. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರದ ಕೆಲಸ. ವಿಮಾನ ನಿಲ್ದಾಣದ ಸುತ್ತಲಿನ ಪ್ರದೇಶಕ್ಕೆಂದೇ ಅಂಥದೊಂದು ಪ್ರಾಧಿಕಾರ ರಚನೆಯಾಯಿತು. ಬಡಾವಣೆಗೆ ನೀರು, ಚರಂಡಿ, ಕಸದ ಹೊಣೆ ಮಾತ್ರ ಕೊನೆಗೆ ಪಂಚಾಯಿತಿಯ ಬಾಗಿಲಿಗೇ ಬರುತ್ತದೆ.

ಪಂಚಾಯಿತಿಯೇ ಬೇರೆಯವರಿಂದ ಅಧಿಕಾರ ಪಡೆದ ಸಂಸ್ಥೆ ಎಂಬುದನ್ನೂ ಮರೆಯುವಂತಿಲ್ಲ. ಸಂವಿಧಾನದ 243–ಜಿ ವಿಧಿ, ರಾಜ್ಯ ಶಾಸಕಾಂಗವು ಪಂಚಾಯಿತಿಗಳಿಗೆ ಅಧಿಕಾರ ಕೊಡ‘ಬಹುದು’ ಎನ್ನುತ್ತದೆ, ಕೊಡ‘ತಕ್ಕದ್ದು’ ಎನ್ನುವುದಿಲ್ಲ. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿಯಿದೆ, ಆದರೆ ಬೀಗದ ಕೈ ರಾಜ್ಯದ ಬಳಿ. ಹಣದ ವಿಚಾರವೂ ಅಷ್ಟೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಊರಿಗೆ ಬೇಕಾದದ್ದು ರಸ್ತೆಯೋ ಅಂಗನವಾಡಿಯ ಗೋಡೆಯೋ ಎಂದು ಸಭೆ ಚರ್ಚಿಸಬಹುದಾದದ್ದು ಉಳಿದದ್ದರಲ್ಲಿ.

ಮಿತಿಯ ಅತಿ ಕಟುವಾದ ಉದಾಹರಣೆ ಇದೇ ಜಿಲ್ಲೆಯದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತರು. ಸ್ವಾಧೀನ ಹೊರಟದ್ದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಅದರಲ್ಲಿ ಜಮೀನಿನ ಒಡೆಯರಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವಿದೆ. ಗ್ರಾಮಸಭೆಯ ಅಥವಾ ಪಂಚಾಯಿತಿಯ ಒಪ್ಪಿಗೆ ಬೇಕೆಂಬ ಮಾತಿಲ್ಲ. ಮನೆಯ ಮುಂದಿನ ಚರಂಡಿಗೆ ನಿರ್ಣಯ ಮಾಡಬಲ್ಲ ಸಭೆಗೆ, ಆ ಮನೆಯವರ ಹೊಲ ಹೋಗುವಾಗ ಹೇಳಲು ಕಾನೂನಿನ ಸ್ಥಾನವಿರಲಿಲ್ಲ. ಮೂರು ವರ್ಷ ದಾಟಿದ ಧರಣಿಯ ನಂತರ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟದ್ದನ್ನು ಪ್ರಕಟಿಸಿದರು. ಅದು ಬಂದದ್ದು ರೈತರ ಚಪ್ಪರದಿಂದ, ನಡವಳಿ ಪುಸ್ತಕದಿಂದಲ್ಲ.

ನಗರ ಬೆಳೆದಂತೆ ಪಂಚಾಯಿತಿಗಳೇ ಕರಗುವುದೂ ಇಲ್ಲಿ ನಡೆದಿದೆ. ನೆಲಮಂಗಲ ಪುರಸಭೆ ಅಕ್ಕಪಕ್ಕದ ಗ್ರಾಮ ಪಂಚಾಯಿತಿಗಳನ್ನು ಸೇರಿಸಿಕೊಂಡು ನಗರಸಭೆಯಾಯಿತು. ಸೇರಿದ ಹಳ್ಳಿಗಳಿಗೆ ಆ ದಿನದಿಂದ 1964ರ ಪುರಸಭೆಗಳ ಕಾಯ್ದೆ ಅನ್ವಯ. ಪಿಡಿಒ ಜಾಗಕ್ಕೆ ಪೌರಾಯುಕ್ತರು ಬಂದರು, ತೆರಿಗೆಯ ದರ ಬೇರೆಯಾಯಿತು. ಊರವರೆಲ್ಲ ಅರಳಿಕಟ್ಟೆಯ ಬಳಿ ಸೇರಿ ಟ್ಯಾಂಕರಿನ ಲೆಕ್ಕ ಕೇಳಬಹುದಾಗಿದ್ದ ಗ್ರಾಮಸಭೆ ಆ ಕಾಯ್ದೆಯಲ್ಲಿಲ್ಲ. ಹಳೆಯ ನಡವಳಿ ಪುಸ್ತಕಗಳು ನಗರಸಭೆಯ ವಶಕ್ಕೆ ಹೋಗುತ್ತವೆ. ಹಿಂದೆಂದೋ ತನ್ನ ತಂದೆಗೆ ನಿವೇಶನ ಮಂಜೂರು ಮಾಡಿದ ನಿರ್ಣಯದ ನಕಲು ಬೇಕಾದವರು ಈಗ ಅರ್ಜಿ ಹಿಡಿದು ಅಲ್ಲಿಗೆ ಹೋಗಬೇಕು.